ಹಸಿದ ಕಲ್ಲುಗಳೂ ಸುರಪುರದ ಜಾತಕವೂ

ನಿಜಾಮರ ಸರಕಾರದಲ್ಲಿ ಹತ್ತಿಯ ಸುಂಕವನ್ನು ವಸೂಲು ಮಾಡಲು ನೇಮಕವಾದ ಒಬ್ಬ ತರುಣ. ನದಿಯ ದಂಡೆಯ ಮೇಲೊಂದು ಪಾಳುಬಿದ್ದ ಅರಮನೆ. ರಾತ್ರಿಯಾಯಿತೆಂದರೆ ಅಲ್ಲಿ ಎಚ್ಚರಗೊಳ್ಳುವ ಗತಕಾಲ. ರವೀಂದ್ರನಾಥ ಠಾಕೂರರು 1895ರಲ್ಲಿ ಬರೆದ ‘ಕ್ಷುಧಿತ ಪಾಷಾಣ’ ಎಂಬ ಸಣ್ಣಕಥೆಯ ವಸ್ತುವಿದು. ‘ಹಸಿದ ಕಲ್ಲು’ ಎಂಬುದು ಆ ಹೆಸರಿನ ಅರ್ಥ. ತಪನ್ ಸಿನ್ಹಾ ಅವರು 1960ರಲ್ಲಿ ಇದನ್ನು ಅದೇ ಹೆಸರಿನ ಬಂಗಾಲಿ ಚಿತ್ರವಾಗಿಸಿದರು. ಸುಂಕದ ಅಧಿಕಾರಿಯಾಗಿ ಸೌಮಿತ್ರ ಚಟರ್ಜಿ, ಅವನನ್ನು ಕಾಡುವ ಸುಂದರಿಯಾಗಿ ಅರುಂಧತಿ ದೇವಿ ನಟಿಸಿದರು. ಸಂಗೀತ ಉಸ್ತಾದ್ ಅಲಿ ಅಕ್ಬರ್ ಖಾನರದು.

ಯಾದಗಿರಿ, ಶಹಾಪುರ, ಸುರಪುರಗಳ ವಾಚಕರಿಗೆ ಈ ಕಥೆಯ ಹಿನ್ನೆಲೆ ಅಪರಿಚಿತವೆನಿಸಲಾರದು. 1948ರವರೆಗೆ ಈ ಸೀಮೆಯೂ ನಿಜಾಮರ ಆಳಿಕೆಗೆ ಒಳಪಟ್ಟಿತ್ತು; ಇಲ್ಲಿಯ ಎರೆಭೂಮಿಯೂ ಹತ್ತಿ ಬೆಳೆಯುವ ನೆಲವೇ. ಹಾಗೆಂದು ಕಥೆ ನಮ್ಮೂರಿನದೆಂದು ಹೇಳಹೊರಟರೆ ಅದು ಅತಿಯಾದೀತು. ಠಾಕೂರರು 1878ರಲ್ಲಿ, ಹದಿನೇಳರ ಪ್ರಾಯದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ ತಂಗಿದ್ದರು. ಸಾಬರಮತಿಯ ದಡದ ಆ ಹಳೆಯ ಮೊಗಲ ಅರಮನೆಯೇ ಕಥೆಗೆ ಪ್ರೇರಣೆ. ಕವಿ ಅದನ್ನು ಗುಜರಾತಿನಿಂದ ಎತ್ತಿ ನಿಜಾಮರ ರಾಜ್ಯದಲ್ಲಿ ಇಟ್ಟರು, ಅಷ್ಟೆ.

ಆದರೆ ಕಲ್ಲುಗಳು ಹಸಿದಿರುವ ಊರೊಂದು ಈ ಸೀಮೆಯಲ್ಲಿ ನಿಜವಾಗಿಯೂ ಇದೆ. ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆಯನ್ನು ನೋಡದವರು ಅಲ್ಲಿ ವಿರಳ. ಅದನ್ನು ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. ನಿಜಾಮರ ಸೇವೆಯಲ್ಲಿದ್ದ ಈ ಆಂಗ್ಲ ಅಧಿಕಾರಿಯೂ ಕಥೆಗಾರನೇ. ಠಕ್ಕರ ಕೊಲೆಗಳನ್ನು ಕುರಿತ ಅವನ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನ ಓದುಗರ ಮೈ ನವಿರೇಳಿಸಿತ್ತು. 1841ರಲ್ಲಿ ಸುರಪುರಕ್ಕೆ ಬಂದ ಅವನು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಸಂಸ್ಥಾನವನ್ನು 1853ರವರೆಗೆ ನೋಡಿಕೊಂಡನು. ಬಾಲರಾಜರು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದರು.

ಟೇಲರನ ಆತ್ಮಚರಿತ್ರೆ 1877ರಲ್ಲಿ, ಅವನ ಮರಣದ ನಂತರ, ಬೆಳಕು ಕಂಡಿತು. ಅದರಲ್ಲಿ ಬರುವ ಒಂದು ವೃತ್ತಾಂತ ಯಾವ ಭಯಾನಕ ಕಥೆಗೂ ಕಡಿಮೆಯಲ್ಲ. ರಾಜರು 24ನೆಯ ವಯಸ್ಸಿನಲ್ಲಿ ಮಡಿಯುವರೆಂದು ಅವರ ಜಾತಕ ನುಡಿದಿತ್ತಂತೆ. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು, ಸೋತಿತು. ರಾಜರು ಹೈದರಾಬಾದಿನಲ್ಲಿ ಸೆರೆಸಿಕ್ಕರು. ಮೊದಲು ಮರಣದಂಡನೆ, ಅದು ಗಡೀಪಾರಿಗೆ ಇಳಿಯಿತು, ಕೊನೆಗೆ ಗವರ್ನರ್ ಜನರಲ್ ಅದನ್ನು ಮದರಾಸಿನ ಕಡೆಯ ಕೋಟೆಯಲ್ಲಿ 4 ವರ್ಷಗಳ ಸೆರೆಯಾಗಿಸಿದನು. ಜಾತಕ ಸುಳ್ಳಾಯಿತೆಂದು ಟೇಲರ್ ನಿಟ್ಟುಸಿರು ಬಿಡುವಷ್ಟರಲ್ಲಿ ಸುದ್ದಿ ಬಂದಿತು: ಸೆರೆಮನೆಯ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜರು ಬಲಿಯಾಗಿದ್ದರು. ತಾವೇ ಹಾರಿಸಿಕೊಂಡರೆಂಬುದು ಆಳುವವರ ಹೇಳಿಕೆ. 1860ರಲ್ಲಿ ಸುರಪುರ ಬಹುಮಾನದ ವಸ್ತುವಿನಂತೆ ನಿಜಾಮರ ಕೈಸೇರಿತು.

ಟೇಲರನಿಗೆ ರಾಜರ ಮೇಲೆ ಮಮತೆಯಿದ್ದುದು ನಿರ್ವಿವಾದ. ಆದರೂ ಅವನು ಹೇಳಿದ ರೀತಿಯನ್ನು ನಾವು ಎಚ್ಚರದಿಂದ ಓದಬೇಕು. ಜಾತಕವನ್ನು ಮುಂದಿಟ್ಟ ಕೂಡಲೇ ಸಾವು ವಿಧಿಯ ಲೀಲೆಯಾಗುತ್ತದೆ. ವಿಧಿಯ ಮೇಲೆ ಯಾರು ದಾವೆ ಹೂಡಿಯಾರು? ಸಂಸ್ಥಾನವನ್ನು ಮುತ್ತಿದ ಸೈನ್ಯ, ರಾಜರನ್ನು ಸೆರೆಮನೆಯ ದಾರಿಗೆ ಹತ್ತಿಸಿದ ತೀರ್ಪು, ಕೈದಿಯ ಕೈಗೆಟಕುವಲ್ಲಿ ಇದ್ದ ಪಿಸ್ತೂಲು, ಇವೆಲ್ಲ ಭವಿಷ್ಯವಾಣಿಯ ಮಬ್ಬಿನಲ್ಲಿ ಮರೆಯಾಗುತ್ತವೆ. ಗ್ರಹಗಳು ಆಜ್ಞಾಪತ್ರಕ್ಕೆ ಸಹಿ ಹಾಕುವುದಿಲ್ಲ, ಮನುಷ್ಯರು ಹಾಕುತ್ತಾರೆ.

ಠಾಕೂರರ ಕಥೆಯಲ್ಲಿ ಒಬ್ಬ ಹುಚ್ಚನಿದ್ದಾನೆ, ಮೆಹರ್ ಅಲಿ. ಎಲ್ಲವೂ ಸುಳ್ಳೆಂದು ಕೂಗುತ್ತ ಆತ ಅರಮನೆಯನ್ನು ಸುತ್ತುತ್ತಿರುತ್ತಾನೆ. ಆ ಮಾಯೆಯಲ್ಲಿ ಸಿಕ್ಕಿ ಬದುಕಿ ಬಂದವನು ಅವನೊಬ್ಬನೇ. ಇತಿಹಾಸವನ್ನು ಓದುವವನಿಗೂ ಈ ಹುಚ್ಚಿನ ಒಂದಂಶ ಬೇಕು. ರಮ್ಯವಾದ ಕಥೆಯೊಂದು ಕೈಹಿಡಿದು ಕರೆದಾಗ, ಇದರಲ್ಲಿ ಸುಳ್ಳೆಷ್ಟು ಎಂದು ಕೇಳುವ ಧೈರ್ಯ ಅವನಿಗಿರಬೇಕು.

ಮೂಲಕಥೆಯನ್ನು ಹೇಳುವವನು ರೈಲಿಗಾಗಿ ಕಾಯುವ ಪ್ರಯಾಣಿಕ. ಗುಟ್ಟು ಬಯಲಾಗಬೇಕೆನ್ನುವಷ್ಟರಲ್ಲಿ ರೈಲು ಬರುತ್ತದೆ, ಕಥೆ ಅರ್ಧಕ್ಕೇ ನಿಲ್ಲುತ್ತದೆ. ಕಥೆಗೆ ಅದು ಶೋಭೆ. ಚರಿತ್ರೆಗೆ ಅದು ಸಲ್ಲದು. ಸುರಪುರದ ಕಥೆಯನ್ನು ಆಂಗ್ಲ ಅಧಿಕಾರಿಯೊಬ್ಬ ತನಗೆ ಕಂಡಷ್ಟು ಹೇಳಿ ಹೊರಟುಹೋದನು. ಉಳಿದುದನ್ನು ಕಾಗದಪತ್ರಗಳಲ್ಲಿ ಹುಡುಕಿ, ಊರ ಹಿರಿಯರ ಬಾಯಿಂದ ಕೇಳಿ, ಎರಡನ್ನೂ ಒರೆಗೆ ಹಚ್ಚಿ ಪೂರ್ತಿಗೊಳಿಸುವ ಹೊಣೆ ಈ ನೆಲದವರದು. ಅಲ್ಲಿಯತನಕ ಆ ಗುಡ್ಡದ ಕಲ್ಲುಗಳ ಹಸಿವು ಹಿಂಗದು.