ಮಂತ್ರಿ ಕೊಟ್ಟು ಮೇಟ್ ಮಾಡೋ ಬಲೆ: ಚೆಸ್ ಚರಿತ್ರೆ, ಭಾಗ 4

"ಮಂತ್ರಿ ಕೊಡಿ, ಮೂರೇ ನಡೇಲಿ ಮೇಟ್" ಅನ್ನೋ ರೀಲ್ ನಿಮ್ಮ ಫೀಡಲ್ಲೂ ಬಂದಿರುತ್ತೆ. ಮಾರಿಕುಪ್ಪಂ ಟ್ರೈನು ಬಂಗಾರಪೇಟೆ ಮುಟ್ಟೋದ್ರೊಳಗೆ ಯಾರಾದ್ರೂ ಒಬ್ರು ಮೊಬೈಲಲ್ಲಿ ಅದನ್ನ ಟ್ರೈ ಮಾಡ್ತಾನೇ ಇರ್ತಾರೆ. ಈ ಬಲೆ 18ನೇ ಶತಮಾನದ್ದು. ರೀಲಲ್ಲಿ ಬರೋದು ಎಷ್ಟೋ ಸಲ ಇದರ ತೂತು ಬಿದ್ದ ರೂಪ. ಟೂರ್ನಮೆಂಟಿಗೆ ಹೆಸರು ಕೊಟ್ಟಿರೋ ಜೂನಿಯರ್ಸ್, ಇದನ್ನ ಓದ್ಕೊಂಡು ಹೋಗಿ.

ಪ್ಯಾರಿಸ್‌ನಲ್ಲಿ ಕೆಫೆ ದ ಲಾ ರೆಜಾನ್ಸ್ ಅಂತ ಒಂದು ಕಾಫಿ ಅಂಗಡಿ. ಊರಿನ ದೊಡ್ಡ ಆಟಗಾರರೆಲ್ಲ ಅಲ್ಲೇ. ಅವರಲ್ಲಿ ಲೆಗಾಲ್ (1702–1792) ಒಬ್ಬ. 1749ರಲ್ಲಿ ಚೆಸ್ ಪುಸ್ತಕ ಬರೆದು ಹೆಸರಾದ ಫಿಲಿಡೋರ್‌ನ ಗುರು. ಬಲೆಗೆ ಇವನ ಹೆಸರೇ ಉಳಿದಿದೆ.

ನಮ್ಮ ಕಡೆ ಆಗ ಬೇರೆ ಥರ ಚದುರಂಗ. 12ನೇ ಶತಮಾನದ ಮಾನಸೋಲ್ಲಾಸದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಈ ಆಟ ವಿವರಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನ 64 ಮನೆಗೂ ಒಂದೊಂದೇ ಸಲ ಓಡಿಸೋ ಒಗಟುಗಳನ್ನ ರಚಿಸಿದವರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ಕೊಂಡ್ರು. ಆಮೇಲೆ ಬಂದ ಕಮಿಷನರ್‌ಗಳಲ್ಲಿ ಬೌರಿಂಗ್ ಒಬ್ಬ. ಹೌದು, ನಮ್ಮ ಬಂಗಾರಪೇಟೆಗೆ ಮೊದಲಿದ್ದ ಬೌರಿಂಗ್‌ಪೇಟೆ ಹೆಸರು ಅವನದೇ!

ದೇಶಿ ಆಟದಲ್ಲಿ ಕಾಲಾಳು ಸಾಮಾನ್ಯವಾಗಿ ಮೊದಲ ಸಲವೂ ಒಂದೇ ಮನೆ ಮುಂದೆ. ಆಟ ನಿಧಾನ, ಇಂಥ ಬಲೆಗೆ ಜಾಗ ಕಮ್ಮಿ. ದೇಶಿ ನಿಯಮದಲ್ಲಿ ಕಲಿತ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಅವನ ಬಲ ನಡು ಆಟ, ಕೊನೆ ಆಟ; ಕಷ್ಟ ಕೊಟ್ಟಿದ್ದು ಓಪನಿಂಗ್. ಅಷ್ಟು ದೊಡ್ಡವನಿಗೇ ಹಾಗಾದ್ರೆ ನಮ್ಮ ಕಥೆ ಕೇಳೋದೇ ಬೇಡ.

ಈಗ ಬೋರ್ಡ್ ಹಾಕಿ. ಬಿಳಿ ನಿಮ್ಮದು.

ಇ4, ಇ5. ಕುದುರೆ ಎಫ್3, ಕುದುರೆ ಸಿ6. ಒಂಟೆ ಸಿ4, ಕಾಲಾಳು ಡಿ6. ಕುದುರೆ ಸಿ3, ಒಂಟೆ ಜಿ4. ಈ ಒಂಟೆ ನಿಮ್ಮ ಎಫ್3 ಕುದುರೆಯನ್ನ ಕಟ್ಟಿಹಾಕಿದೆ. ಕುದುರೆ ಕದಲಿದ್ರೆ ಹಿಂದಿರೋ ಮಂತ್ರಿ ಹೋಯ್ತು.

ರೀಲಲ್ಲಿ ಇಲ್ಲೇ ಕುದುರೆ ಇ5 ಹೊಡೆಯುತ್ತೆ. ಎದುರಿನವನು ಆಸೆಪಟ್ಟು ಮಂತ್ರಿ ತಿಂದ್ರೆ ಮೇಟ್, ಸರಿ. ಆದ್ರೆ ಅವನು ಸಿ6 ಕುದುರೆಯಿಂದ ಇ5 ಹೊಡೆದ್ರೆ? ಅದೇ ಕುದುರೆ ಜಿ4 ಒಂಟೆಗೂ ಕಾವಲು. ನಿಮ್ಮ ಒಂದು ಕುದುರೆ ಹೋಯ್ತು, ಸಿಕ್ಕಿದ್ದು ಒಂದು ಕಾಲಾಳು. ಲೆಗಾಲ್ ಆಟ ಬೇರೆ ಬೇರೆ ಪುಸ್ತಕದಲ್ಲಿ ಬೇರೆ ಬೇರೆ ಥರ ಅಚ್ಚಾಗಿದೆ. ಅದರಲ್ಲಿ ಒಂದು ರೂಪಕ್ಕೂ ಇದೇ ತೂತು.

ತೂತು ಮುಚ್ಚೋ ನಡೆ: ಮೊದಲು ಕಾಲಾಳು ಎಚ್3. ಒಂಟೆ ಎಚ್5ಕ್ಕೆ ಹಿಂದೆ ಸರಿದ್ರೆ, ಈಗ ಹೊಡೀರಿ ಇ5.

ಅವನು ಮಂತ್ರಿ ತಿಂದ್ರೆ: ಒಂಟೆ ಎಫ್7 ಹೊಡೆದು ಚೆಕ್, ರಾಜ ಇ7, ಕುದುರೆ ಡಿ5. ಮೇಟ್. ಎರಡು ಕುದುರೆ, ಒಂದು ಒಂಟೆ, ರಾಜನಿಗೆ ಒಂದೂ ಮನೆ ಇಲ್ಲ.

ಕುದುರೆಯಿಂದ ಇ5 ಹೊಡೆದ್ರೆ: ನಿಮ್ಮ ಮಂತ್ರಿ ಎಚ್5 ಒಂಟೆ ತಿನ್ನುತ್ತೆ, ಯಾಕಂದ್ರೆ ಆ ಮನೆಗೆ ಈಗ ಕಾವಲಿಲ್ಲ. ಅವನು ಸಿ4 ಒಂಟೆ ಹೊಡೀತಾನೆ. ಮಂತ್ರಿ ಬಿ5 ಚೆಕ್, ಆಮೇಲೆ ಸಿ4 ಕುದುರೆ ನಿಮ್ಮದು. ನಾವು ಕಾಮರ್ಸ್‌ನೋರಲ್ವಾ, ಲೆಕ್ಕ ನೋಡಿ: ಹೋಗಿದ್ದು ಕುದುರೆ 3, ಒಂಟೆ 3, ಒಟ್ಟು 6. ಬಂದಿದ್ದು ಕಾಲಾಳು 1, ಒಂಟೆ 3, ಕುದುರೆ 3, ಒಟ್ಟು 7. ಎದುರಾಳಿ ಬಲೆಗೆ ಬೀಳದಿದ್ರೂ ಒಂದು ಕಾಲಾಳು ಲಾಭ. ಪಕ್ಕಾ ಬಲೆ ಅಂತ ನಾನು ಕರೆಯೋದು ಇದನ್ನ. ಎದುರಾಳಿ ದಡ್ಡ ಅಂತ ನಂಬಿ ಆಡೋದು ಬರೀ ಲಾಟರಿ.

ಎಚ್3 ಆದ ಮೇಲೆ ಅವನು ಹಿಂದೆ ಸರಿಯದೆ ಎಫ್3 ಕುದುರೆಯನ್ನೇ ಹೊಡೆದ್ರೆ? ಬಲೆ ಮುಗೀತು, ಮಂತ್ರಿಯಿಂದ ವಾಪಸ್ ಹೊಡೆದು ಆಟ ಮುಂದುವರಿಸಿ. ಆದ್ರೆ ಎಫ್3ಗೆ ಬಂದ ಮಂತ್ರಿ, ಸಿ4 ಒಂಟೆ ಎರಡೂ ಈಗ ಒಂದೇ ಮನೆ ಮೇಲೆ ಕಣ್ಣಿಟ್ಟಿವೆ. ಯಾವ ಮನೆ? ಕಮೆಂಟಲ್ಲಿ ಹಾಕಿ.