ಚಿಯಾಪಾಸ್‌ನ ಡೀಕನರು

ಕ್ಯಾಥೊಲಿಕ್ ಪಾದ್ರಿ ಎಂದೊಡನೆ ನಮಗೆ ನೆನಪಾಗುವುದು ಬ್ರಹ್ಮಚರ್ಯ. ಆದರೆ ಮಡದಿ ಮಕ್ಕಳೊಂದಿಗಿದ್ದು ಧರ್ಮಸೇವೆ ಮಾಡುವ ಶಾಶ್ವತ ಡೀಕನರೂ ಆ ಸಭೆಯಲ್ಲಿದ್ದಾರೆ. ಅವರು ದೀಕ್ಷಾಸ್ನಾನ ಕೊಡಬಹುದು, ಮದುವೆ ನೆರವೇರಿಸಬಹುದು, ಬಲಿಪೂಜೆ ಅರ್ಪಿಸುವಂತಿಲ್ಲ. ಶತಮಾನಗಳಿಂದ ಮರೆಯಾಗಿದ್ದ ಈ ವ್ಯವಸ್ಥೆಯನ್ನು ಪೋಪ್ ಆರನೇ ಪಾಲ್ 1967ರಲ್ಲಿ ಮತ್ತೆ ಜಾರಿಗೆ ತಂದರು.

ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಇದು ಹೊಸ ರೂಪ ಪಡೆಯಿತು. ಸ್ಯಾನ್ ಕ್ರಿಸ್ಟೋಬಲ್ ಧರ್ಮಪ್ರಾಂತ್ಯದಲ್ಲಿ 1960ರಿಂದ 2000ದವರೆಗೆ ಬಿಷಪರಾಗಿದ್ದ ಸಾಮ್ಯುಯೆಲ್ ರೂಯಿಸ್‌ರ ಮುಂದಿದ್ದುದು ಗುಡ್ಡಗಾಡಿನ ಮಾಯಾ ಜನರು, ಬೆರಳೆಣಿಕೆಯ ಪಾದ್ರಿಗಳು. ಹಳ್ಳಿಗರೇ ತಮ್ಮವನೊಬ್ಬನನ್ನು ಆರಿಸಿದರು. ತ್ಸೆಲ್ತಾಲ್ ಭಾಷೆಯಲ್ಲಿ ಅವನು ‘ತುಹುನೆಲ್’, ಅಂದರೆ ಸೇವಕ. ಹೊಲದ ದುಡಿಮೆ ಬಿಡದೆ, ತಾಯ್ನುಡಿಯಲ್ಲೇ ಅವನು ವರ್ಷಗಟ್ಟಲೆ ತರಬೇತಿ ಪಡೆಯುತ್ತಿದ್ದ. ಸೇವೆಯಲ್ಲಿ ಪತ್ನಿಯೂ ಜೊತೆಗಿರುತ್ತಿದ್ದಳು.

ಡೀಕನರು 300ನ್ನು ದಾಟಿದಾಗ ವ್ಯಾಟಿಕನ್ ಕಳವಳಗೊಂಡಿತು. ಪಾದ್ರಿಗಳಿಗಿಂತ ಡೀಕನರೇ ಹಲವು ಪಟ್ಟು ಹೆಚ್ಚಿದ್ದರು. ವಿವಾಹಿತರಿಗೂ ಗುರುದೀಕ್ಷೆ ಕೊಡಬೇಕೆಂಬ ಬೇಡಿಕೆ ಬೆಳೆದೀತೆಂಬ ಆತಂಕವಿತ್ತು. 2002ರಲ್ಲಿ ಹೊಸ ದೀಕ್ಷೆಗಳು ನಿಂತವು. ಹಳಬರು ಮುಪ್ಪಾದರು, ಕಾದವರು ಕಾಯುತ್ತಲೇ ಉಳಿದರು. 2011ರಲ್ಲಿ ರೂಯಿಸ್ ನಿಧನರಾದಾಗಲೂ ತಡೆ ತೆರವಾಗಿರಲಿಲ್ಲ. ಕೊನೆಗೆ 2014ರಲ್ಲಿ ಪೋಪ್ ಫ್ರಾನ್ಸಿಸ್ ಅನುಮತಿ ನೀಡಿದರು. 2016ರಲ್ಲಿ ಅಲ್ಲಿಗೆ ಭೇಟಿಯಿತ್ತು ರೂಯಿಸ್‌ರ ಸಮಾಧಿಯ ಬಳಿ ಪ್ರಾರ್ಥಿಸಿದರು.

ಜನರ ನಡುವಿನಿಂದಲೇ, ಜನರ ನುಡಿಯಲ್ಲೇ ಧಾರ್ಮಿಕ ನಾಯಕತ್ವ ಬೆಳೆಯಬೇಕೇ ಎಂಬುದು ಕ್ರೈಸ್ತರೊಬ್ಬರ ಪ್ರಶ್ನೆಯಲ್ಲ. ನಾವೆಲ್ಲರೂ ಉತ್ತರಿಸಬೇಕಾದ ಪ್ರಶ್ನೆ.