ಟಿಪ್ಪು ಹಿಡಿದ ಸ್ವರ



ಡೊಂಬಿವಲಿಯ ಕೇಳುಗರೊಬ್ಬರು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರೆದ ಪತ್ರವೊಂದು ನನ್ನ ಮುಂದಿದೆ. ಪತ್ರ ಚಿಕ್ಕದು, ಅದರೊಳಗಿನ ಸಂಕಟ ದೊಡ್ಡದು. ಅವರ ಮಗಳಿಗೆ ಹನ್ನೆರಡು ವರ್ಷ. ಹಾರ್ಮೋನಿಯಂ ಕಲಿಯುತ್ತಿದ್ದಾಳೆ. ಸಂಜೆ ಅವಳು ಬಾತೆ ಎಳೆದು ಒಂದು ಸ್ವರ ಹಿಡಿದರೆ ಸಾಕು, ಮನೆಯ ನಾಯಿ ಎದ್ದು ಬಂದು ಪಕ್ಕದಲ್ಲಿ ಕೂತು, ಮೂತಿ ಮೇಲೆತ್ತಿ ಊಳಿಡುತ್ತದೆ! ಮೊದಮೊದಲು ಎಲ್ಲರೂ ನಕ್ಕರು. ಈಗ ಅಕ್ಕಪಕ್ಕದವರು ನಗುತ್ತಿಲ್ಲ. "ದೀಪ ಹಚ್ಚುವ ಹೊತ್ತಿಗೆ ನಾಯಿ ಊಳಿಟ್ಟರೆ ಅಪಶಕುನ" ಎನ್ನುತ್ತಾರೆ. ಸೊಸೈಟಿಯ ಮೀಟಿಂಗಿನಲ್ಲೂ ಮಾತು ಬಂದಿದೆ. "ಪಾಠ ನಿಲ್ಲಿಸಲೋ, ನಾಯಿಯನ್ನು ಊರಿಗೆ ಕಳಿಸಲೋ, ನೀವೇ ಹೇಳಿ" ಎಂದು ಪತ್ರ ಮುಗಿದಿದೆ.

ಎರಡೂ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಮುಂಬಯಿಯೂ ಇದೆ, ನಮ್ಮ ಧಾರವಾಡ ಸೀಮೆಯೂ ಇದೆ. ಸ್ವಲ್ಪ ಹೊತ್ತು ಕೂತು ಕೇಳಿ.

ತಟ್ಟೆಯ ಮೇಲಿನ ನಾಯಿ

ಸಂಗೀತ ಕೇಳುವ ನಾಯಿ ಎಂದರೆ ನಿಮಗೆ ಮೊದಲು ನೆನಪಾಗುವುದು ಯಾವುದು? ಗ್ರಾಮಫೋನ್ ತಟ್ಟೆಯ ನಡುವೆ, ಕಹಳೆಯ ಮುಂದೆ ತಲೆ ಓರೆ ಮಾಡಿ ಕೂತ ಆ ಬಿಳಿ ನಾಯಿ ತಾನೇ? ಅದರ ಹೆಸರು ನಿಪ್ಪರ್. ಇಂಗ್ಲೆಂಡಿನ ಬ್ರಿಸ್ಟಲ್ ಊರಿನದು, ಹುಟ್ಟಿದ್ದು 1884ರಲ್ಲಿ. ಯಜಮಾನ ಮಾರ್ಕ್ ಬರೋ 1887ರಲ್ಲಿ ತೀರಿಕೊಂಡ ಮೇಲೆ ಅವನ ತಮ್ಮ, ಚಿತ್ರಕಾರ ಫ್ರಾನ್ಸಿಸ್ ಬರೋ ಅದನ್ನು ಸಾಕಿದ. ಎಡಿಸನ್ನರ ಫೋನೋಗ್ರಾಫಿನ ಮುಂದೆ ನಿಪ್ಪರ್ ಕಿವಿಗೊಟ್ಟು ಕೂತಂತೆ ಚಿತ್ರವನ್ನೂ ಬರೆದ. 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯವರು, ಫೋನೋಗ್ರಾಫ್ ಅಳಿಸಿ ತಮ್ಮ ಗ್ರಾಮಫೋನನ್ನು ಬರೆದುಕೊಡುವ ಕರಾರಿನ ಮೇಲೆ 100 ಪೌಂಡಿಗೆ ಆ ಚಿತ್ರವನ್ನು ಕೊಂಡರು.

ಇದರಲ್ಲಿ ಒಂದು ತಮಾಷೆಯಿದೆ. ನಿಪ್ಪರ್ ಸತ್ತದ್ದು 1895ರಲ್ಲಿ. ಅಂದರೆ ಜಗತ್ತೆಲ್ಲ ಗ್ರಾಮಫೋನಿನೊಂದಿಗೇ ನೆನಪಿಟ್ಟ ಆ ನಾಯಿ, ಚಿತ್ರದಲ್ಲಿ ತನ್ನ ಮುಂದಿಟ್ಟ ಯಂತ್ರವನ್ನು ನೋಡಲೇ ಇಲ್ಲ! ಕೂತು ಕೇಳುವ, ಬಾಯಿ ತೆರೆಯದ, ಒಡೆಯನ ದನಿಗೆ ತಲೆಬಾಗುವ ನಾಯಿ ಮನುಷ್ಯರಿಗೆ ಬೇಕಾಗಿತ್ತು. ಚಿತ್ರಕಾರ ಬರೆದುಕೊಟ್ಟ. ನಿಜವಾದ ನಾಯಿಗಳು ಹಾಗಲ್ಲ ಎಂದು ಡೊಂಬಿವಲಿಯ ಆ ಮನೆಯವರಿಗೆ ಗೊತ್ತು. ಅದು ಗೊತ್ತಿದ್ದ ಇನ್ನೊಬ್ಬರಿದ್ದರು. ಅವರು ಸಾಮಾನ್ಯರಲ್ಲ.

ಖಾನ್‌ಸಾಹೇಬರ ಶಿಷ್ಯ

ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ಉತ್ತರದ ಕೈರಾನಾದಲ್ಲಿ. ಬರೋಡಾದ ಆಸ್ಥಾನದಲ್ಲಿದ್ದವರು ತಾರಾಬಾಯಿಯವರೊಂದಿಗೆ ಅಲ್ಲಿಂದ ಹೊರಟು ಮುಂಬಯಿಗೆ ಬಂದರು. ಆಮೇಲೆ ಮಿರಜ್ ಅವರ ಊರಾಯಿತು. ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು, ಮುಂಬಯಿಯಲ್ಲೂ ಅದರ ಶಾಖೆ ನಡೆಸಿದರು. ಮೈಸೂರು ಅರಮನೆಗೆ ಹೋಗಿಬರುವಾಗ ಹುಬ್ಬಳ್ಳಿ, ಧಾರವಾಡಗಳಲ್ಲಿ ಇಳಿದುಕೊಳ್ಳುತ್ತಿದ್ದರು. ಕುಂದಗೋಳದ ರಾಮಭಾವು ಅವರ ಕೈಯಲ್ಲಿ ಪಳಗಿ ಸವಾಯಿ ಗಂಧರ್ವರಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ನಮ್ಮ ಮನೆಗಳಲ್ಲಿ ಇಂದಿಗೂ ತುಂಬಿರುವ ಹಿಂದೂಸ್ತಾನಿಯ ಒಂದು ದೊಡ್ಡ ಹೊಳೆ ಹೊರಟದ್ದು ಆ ಮೆಲುದನಿಯಿಂದ.

ಆ ಖಾನ್‌ಸಾಹೇಬರ ಬಳಿ ಒಂದು ನಾಯಿ ಇತ್ತು. ಹೆಸರು ಟಿಪ್ಪು. ಅವರು ಅದಕ್ಕೆ ಸ್ವರದ ತಾಲೀಮು ಕೊಟ್ಟಿದ್ದರು! ತಾವು ಸ್ವರ ಹಿಡಿದರೆ ಅದೂ ದನಿಗೂಡಿಸುವಂತೆ ಕಲಿಸಿದ್ದರು. ಅವರ ಜೀವನ ಬರೆದವರು ಹೇಳಿರುವ ಸಂಗತಿ ಇದು.

ದೊಡ್ಡವರ ಒಂದು ಖಯಾಲಿ ಎಂದು ನಕ್ಕು ಮುಂದೆ ಹೋಗಬಹುದು. ಆದರೆ ಸ್ವಲ್ಪ ನಿಲ್ಲಿ. ಇದೇ ಖಾನ್‌ಸಾಹೇಬರ ಕಿವಿ, ಗಂಟಲನ್ನು ನಂಬಿಕೊಂಡು ಆಗ ಒಂದು ಗಂಭೀರ ಕೆಲಸ ನಡೆದಿತ್ತು. ಸಾಂಗಲಿಯ ಕೆ. ಬಿ. ದೇವಲ್ ಎಂಬ ನಿವೃತ್ತ ಅಧಿಕಾರಿ, ಇ. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಐಸಿಎಸ್ ಅಧಿಕಾರಿ, ಇಬ್ಬರೂ ಸೇರಿ ನಮ್ಮ ಸಂಗೀತದ 22 ಶ್ರುತಿಗಳನ್ನು ಲೆಕ್ಕಹಾಕಿ, ಅವನ್ನು ನುಡಿಸುವ ಹಾರ್ಮೋನಿಯಂ ಮಾಡಿಸಲು ಹೊರಟಿದ್ದರು. ಸ್ವರ ಎಲ್ಲಿ ನಿಲ್ಲುತ್ತದೆ ಎಂದು ತಾಳೆ ನೋಡಲು ಅವರಿಗೆ ಬೇಕಾದದ್ದು ಖಾನ್‌ಸಾಹೇಬರ ದನಿ. 1916ರಲ್ಲಿ ಬರೋಡಾದಲ್ಲಿ ನಡೆದ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಈ ಶ್ರುತಿಗಳ ಮೇಲೆ ವಾದವೇ ನಡೆಯಿತು. ಮುಂಬಯಿಯ ಪಂಡಿತ ಭಾತಖಂಡೆಯವರು ಒಪ್ಪಲಿಲ್ಲ.

ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯಬಲ್ಲ ಕಿವಿ ಎಂದು ಪಂಡಿತರು ಯಾರ ಮುಂದೆ ಕೂತಿದ್ದರೋ, ಆ ಮನುಷ್ಯ ನಾಯಿಯ ದನಿಯಲ್ಲೂ ಸ್ವರ ಕೇಳಿಸಿಕೊಂಡರು. ಊಳು ಎಂದರೆ ಬರೀ ಗದ್ದಲ ಎಂದು ಅವರಿಗೆ ಅನ್ನಿಸಲಿಲ್ಲ. ಅಪಶಕುನ ಎಂದೂ ಅನ್ನಿಸಲಿಲ್ಲ. ನೆರೆಮನೆಯವರಿಗೆ ಹೇಳಲು ಡೊಂಬಿವಲಿಯ ಆ ತಂದೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿ ಸಿಗಬೇಕು?

ಇನ್ನೊಂದು ಮಾತು. ಖಾನ್‌ಸಾಹೇಬರ ಮೊದಲ ರಿಕಾರ್ಡುಗಳು ಬಂದದ್ದು 1905ರ ಸುಮಾರಿಗೆ, ಅದೇ ಗ್ರಾಮಫೋನ್ ಕಂಪನಿಯಿಂದ. ಆಗಿನ್ನೂ ತಟ್ಟೆಗಳ ಮೇಲೆ ನಾಯಿ ಬಂದಿರಲಿಲ್ಲ, ಲೇಖನಿ ಹಿಡಿದ ದೇವತೆಯ ಚಿತ್ರವಿತ್ತು. 1930ರ ದಶಕದಲ್ಲಿ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ ತಟ್ಟೆಗಳು ಓಡಿಯನ್ ಕಂಪನಿಯವು. ನಾಯಿಯನ್ನು ಹಾಡಿಸಿದ ಗಾಯಕರ ಆ ತಟ್ಟೆಗಳ ಮೇಲೂ ನಾಯಿ ಇರಲಿಲ್ಲ!

ಊಳಿಡುವುದೇಕೆ?

ಈಗ ನಿಮ್ಮ ಮನೆಗೆ ಬರೋಣ. ತಬಲಾ ಬಾರಿಸಿದರೆ ಸುಮ್ಮನಿರುವ ನಾಯಿ ಹಾರ್ಮೋನಿಯಂ, ಶಹನಾಯಿ, ಪಿಟೀಲು, ಶಂಖ ಕೇಳಿದರೆ ಯಾಕೆ ದನಿಯೆತ್ತುತ್ತದೆ? ರಸ್ತೆಯಲ್ಲಿ ಆಂಬುಲೆನ್ಸ್ ಹೋದಾಗಲೂ ಅದೇ ಪಾಡು. ಇವೆಲ್ಲ ಎಳೆದು ನಿಲ್ಲುವ ದನಿಗಳು. ತೋಳದ ಊಳೂ ಹಾಗೆಯೇ, ಎಳೆದು ನಿಲ್ಲುವಂಥದ್ದು. ದೂರದಲ್ಲಿರುವ ತನ್ನವರಿಗೆ "ನಾನು ಇಲ್ಲಿದ್ದೇನೆ" ಎಂದು ತಿಳಿಸುವ ಕೂಗು ಅದು. ನಾಯಿ ಆ ವಂಶದ್ದೇ. 2023ರಲ್ಲಿ ಬುಡಾಪೆಸ್ಟಿನ ಸಂಶೋಧಕರು ಮುದ್ರಿಸಿಕೊಂಡ ತೋಳದ ಊಳನ್ನು 68 ಸಾಕುನಾಯಿಗಳಿಗೆ ಕೇಳಿಸಿ ಫಲಿತಾಂಶ ಪ್ರಕಟಿಸಿದರು. ತೋಳಕ್ಕೆ ಹತ್ತಿರವಾದ ಹಳೆಯ ತಳಿಗಳು ಹೆಚ್ಚಾಗಿ ಊಳಿನಿಂದಲೇ ಉತ್ತರ ಕೊಟ್ಟವು, ಮಿಕ್ಕವು ಬೊಗಳಿದವು.

ತೋಳಗಳು ಗುಂಪಾಗಿ ಊಳಿಡುವಾಗ ಇನ್ನೊಂದು ವಿಶೇಷವಿದೆ. ಒಂದರ ಸ್ವರದ ಮೇಲೆ ಇನ್ನೊಂದು ಕೂರುವುದಿಲ್ಲ, ಕೊಂಚ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಹಾಗಾಗಿ ನಿಮ್ಮ ನಾಯಿ ನಿಮ್ಮ ಷಡ್ಜಕ್ಕೆ ಸರಿಯಾಗಿ ಸೇರದಿದ್ದರೆ ಬೇಸರಪಡಬೇಡಿ. ಅದರ ಘರಾಣೆಯ ಪದ್ಧತಿಯೇ ಬೇರೆ! ಅದನ್ನು ಮನುಷ್ಯನ ಸ್ವರದ ಹತ್ತಿರಕ್ಕೆ ತರಲು ಖಾನ್‌ಸಾಹೇಬರಂಥವರ ತಾಳ್ಮೆಯೇ ಬೇಕಾಯಿತು.

ಹಾರ್ಮೋನಿಯಂ ವಿಷಯದಲ್ಲಿ ಇನ್ನೂ ಒಂದು ವಿನೋದ. ಮೀಂಡಿಗೆ ಬಾಗದ, ನೆಟ್ಟಗೆ ನಿಲ್ಲುವ ಸ್ವರ ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಈ ವಾದ್ಯವನ್ನು ಹೊರಗಿಟ್ಟಿತ್ತು. ಮತ್ತೆ ಒಳಗೆ ಬಿಡಲು ಮೂವತ್ತು ವರ್ಷ ಹಿಡಿಯಿತು. ರೇಡಿಯೋದವರು ಬೇಡವೆಂದ ಆ ನೆಟ್ಟನೆಯ ಸ್ವರವೇ ನಾಯಿಯನ್ನು ಪಕ್ಕಕ್ಕೆ ಕರೆತರುತ್ತದೆ.

ಮೊಜಾರ್ಟನ ಹಕ್ಕಿ, ನಿಮ್ಮ ಮನೆಯ ಬೆಕ್ಕು

ಖಾನ್‌ಸಾಹೇಬರು ಒಬ್ಬರೇ ಅಲ್ಲ. 1784ರ ಮೇ 27ರಂದು ವಿಯೆನ್ನಾದಲ್ಲಿ ಮೊಜಾರ್ಟ್ ಒಂದು ಕಬ್ಬಕ್ಕಿಯನ್ನು ಕೊಂಡ. ಅದು ಹಾಡಿದ ರಾಗ ಅವನ ಪಿಯಾನೋ ಕೃತಿಯೊಂದರ ಸಾಲಿನಂತೆಯೇ ಇತ್ತು. ಅದನ್ನು ಅವನು ಖರ್ಚಿನ ಪುಸ್ತಕದಲ್ಲಿ ಸ್ವರ ಹಾಕಿ ಬರೆದಿಟ್ಟುಕೊಂಡ. ಹಕ್ಕಿ ಒಂದು ಸ್ವರವನ್ನು ಏರಿಸಿ ಹಾಡಿತ್ತು, ಮೊಜಾರ್ಟ್ ಅದನ್ನೂ ಬಿಡದೆ ಗುರುತು ಹಾಕಿದ್ದ! 1787ರಲ್ಲಿ ಹಕ್ಕಿ ಸತ್ತಾಗ ತೋಟದಲ್ಲಿ ಹೂಳಿ, ಅದಕ್ಕೊಂದು ಪದ್ಯ ಬರೆದ. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಸಿಂಕ್ಲೇರ್ ಎಂಬುವರ ಬುಲ್‌ಡಾಗ್ ಡ್ಯಾನ್, ಹಾಡುವವರು ಸ್ವರ ತಪ್ಪಿದರೆ ಗುರುಗುಟ್ಟುತ್ತಿತ್ತು ಎಂದು ಹೆಸರಾಗಿತ್ತು. ಎಲ್ಗಾರ್ 1899ರ ತನ್ನ ಪ್ರಸಿದ್ಧ ಕೃತಿಯ ಒಂದು ಭಾಗದಲ್ಲಿ ಅದು ಹೊಳೆಗೆ ಬಿದ್ದು ಈಜಿದ್ದನ್ನೇ ಸಂಗೀತವಾಗಿಸಿದ್ದಾನೆ.

ನಾಯಿ ಜತೆಗೂಡಿದರೆ, ಬೆಕ್ಕು ಸಾಮಾನ್ಯವಾಗಿ ಎದ್ದು ಹೋಗುತ್ತದೆ. ಅದು ಸೊಕ್ಕಲ್ಲ. ಮನುಷ್ಯರಿಗೆ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳ ತನಕ ಕೇಳಿಸುತ್ತದೆ. ನಾಯಿಗೆ ಸುಮಾರು 45,000, ಬೆಕ್ಕಿಗೆ 60,000ಕ್ಕೂ ಮೇಲೆ. ಹೊಸದಾಗಿ ಕಮಾನು ಹಿಡಿದ ಮಗುವಿನ ಪಿಟೀಲಿನಲ್ಲಿ ನಮಗೆ ಕೇಳಿಸದ ಎಷ್ಟು ಕಿರ್‌ಗುಟ್ಟುವಿಕೆ ಆ ಕಿವಿಗೆ ಬೀಳುತ್ತದೋ ಊಹಿಸಿಕೊಳ್ಳಿ. 2015ರಲ್ಲಿ ಅಮೆರಿಕದ ಸಂಶೋಧಕರು ಬೆಕ್ಕಿನ ಗುರುಗುರು ಲಯಕ್ಕೆ ಹೊಂದುವಂತೆ ರಚಿಸಿದ ಸಂಗೀತವನ್ನು ಬೆಕ್ಕುಗಳಿಗೆ ಕೇಳಿಸಿದರು. ಅವು ಹತ್ತಿರ ಬಂದು ಮೈ ಉಜ್ಜಿದವು. ಮನುಷ್ಯರ ಸಂಗೀತಕ್ಕೆ ಅಷ್ಟು ಆಸಕ್ತಿ ತೋರಲಿಲ್ಲ.

ಗಿಳಿ ಸಾಕಿ ಸರಿಗಮ ಕಲಿಸುವ ಆಸೆ ಇದ್ದವರಿಗೆ ಒಂದು ಮಾತು. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದನ್ನು 1972ರ ವನ್ಯಜೀವಿ ಕಾಯಿದೆ ನಿಷೇಧಿಸಿದೆ. ಅದು ಕಿಟಕಿಯಾಚೆಯ ಮರದ ಮೇಲೆಯೇ ಹಾಡಿಕೊಂಡಿರಲಿ.

ಹಾಗಾದರೆ ಏನು ಮಾಡಬೇಕು?

ಮೊದಲು ನಿಮ್ಮ ನಾಯಿಯನ್ನು ಚೆನ್ನಾಗಿ ನೋಡಿ. ಅದು ತಾನಾಗಿ ಬಂದು, ಹತ್ತಿರ ಕೂತು, ಮೈ ಸಡಿಲ ಬಿಟ್ಟು, ಮೂತಿ ಎತ್ತಿ ದನಿ ತೆಗೆದರೆ ಜತೆಗೂಡುತ್ತಿದೆ ಎಂದೇ ತಿಳಿಯಿರಿ. ಕಿವಿ ಹಿಂದಕ್ಕೆ ಮಡಿಸಿ, ಬಾಲ ಕಾಲೊಳಗೆ ಸೇರಿಸಿ, ಏದುಸಿರು ಬಿಡುತ್ತ ಮಂಚದಡಿ ಸೇರಿದರೆ ಅದಕ್ಕೆ ಹಿಂಸೆಯಾಗುತ್ತಿದೆ. ಅಂಥ ನಾಯಿಯನ್ನು ಕಟ್ಟಿಹಾಕಿ ಕೂರಿಸಬೇಡಿ, ಮೊಬೈಲಿನಲ್ಲಿ ಚಿತ್ರ ತೆಗೆಯಲೆಂದು ಮತ್ತೆ ಮತ್ತೆ ಊಳಿಡಿಸಬೇಡಿ. ಬಾಗಿಲು ತೆರೆದಿಡಿ. ಒಂದೇ ಕೋಣೆಯ ಮನೆಯಾದರೆ ಅಭ್ಯಾಸದ ಹೊತ್ತಿಗೆ ಯಾರಾದರೂ ಅದನ್ನು ಕೆಳಗೆ ಸುತ್ತಾಡಿಸಿಕೊಂಡು ಬನ್ನಿ.

ದೊಡ್ಡ ಸದ್ದಿಗೆ ಪ್ರಾಣಿಯನ್ನು ಒಗ್ಗಿಸುವುದು ಹೇಗೆಂದು ಮೈಸೂರಿನವರಿಗೆ ಗೊತ್ತು. ದಸರೆಗೆ ಮೊದಲು ಆನೆ, ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಕುಶಾಲತೋಪಿನ ತಾಲೀಮು ನಡೆಸುತ್ತಾರೆ. ಒಂದೇ ದಿನಕ್ಕೆ ಮುಗಿಸುವುದಿಲ್ಲ. ಮಾವುತರು ಪಕ್ಕದಲ್ಲಿದ್ದು ಧೈರ್ಯ ಹೇಳುತ್ತ ಮತ್ತೆ ಮತ್ತೆ ಕೇಳಿಸುತ್ತಾರೆ. ಮನೆಯಲ್ಲೂ ಅಷ್ಟೇ. ಮೊದಲು ಮೆಲ್ಲಗೆ, ದೂರದಿಂದ, ಸ್ವಲ್ಪ ಹೊತ್ತು. ಸುಮ್ಮನಿದ್ದರೆ ಒಂದು ಬಿಸ್ಕತ್ತು. ದಿನ ಹೋದಂತೆ ಸ್ವಲ್ಪ ಹತ್ತಿರ, ಸ್ವಲ್ಪ ಜೋರು.

ನೆರೆಮನೆಯವರಿಗೂ ಅಷ್ಟೇ ತಾಳ್ಮೆ ಬೇಕು. ದೀಪ ಹಚ್ಚುವ ಹೊತ್ತು ಬಿಟ್ಟು ಅರ್ಧ ಗಂಟೆ ಮೊದಲೇ ಅಭ್ಯಾಸಕ್ಕೆ ಕೂತರೆ ಅರ್ಧ ಜಗಳ ಅಲ್ಲಿಗೇ ತೀರುತ್ತದೆ. ಉಳಿದರ್ಧಕ್ಕೆ ಟಿಪ್ಪುವಿನ ಕತೆ ಹೇಳಿ.

ಆ ಹನ್ನೆರಡರ ಹುಡುಗಿಗೂ ಒಂದು ಮಾತು ಹೇಳಬೇಕು. ಮಗಳೇ, ಕಚೇರಿಗೆ ಕೇಳುಗರು ಆಮೇಲೆ ಬರುತ್ತಾರೆ. ತಪ್ಪು ಮಾಡುತ್ತ, ನಿಲ್ಲಿಸುತ್ತ, ಅದೇ ಅಲಂಕಾರವನ್ನು ನೂರು ಸಲ ಬಾರಿಸುವ ದಿನಗಳಲ್ಲಿ ಅಪ್ಪ ಅಮ್ಮನೂ ಟಿವಿಯ ಮುಂದೆ ಹೋಗಿ ಕೂರುತ್ತಾರೆ. ಎದ್ದು ನಿನ್ನ ಪಕ್ಕಕ್ಕೆ ಬಂದು ಕೂತದ್ದು ಒಂದು ಜೀವ. ಅದನ್ನು ಊರಿಗೆ ಕಳಿಸುವುದು ಬೇಡ.

1937ರ ಅಕ್ಟೋಬರ್ 27ರಂದು ಪಾಂಡಿಚೇರಿಯತ್ತ ಹೊರಟಿದ್ದ ಖಾನ್‌ಸಾಹೇಬರು ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ಮಿರಜಿನ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಮುಂಬಯಿಯಿಂದ ರೈಲಿನಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೋಗುವಾಗ ನಿಮ್ಮ ಗಾಡಿಯೂ ಮಿರಜಿನಲ್ಲಿ ನಿಲ್ಲುತ್ತದೆ. ಈ ಸಲ ಅಲ್ಲಿ ಚಹಾ ಕುಡಿಯುವಾಗ ಅವರನ್ನು ನೆನೆಯಿರಿ, ಅವರ ಜತೆ ಟಿಪ್ಪುವನ್ನೂ.

ನಿಮ್ಮ ಮನೆಯ ನಾಲ್ಕು ಕಾಲಿನ ಕೇಳುಗರ ಸುದ್ದಿಯಿದ್ದರೆ ಬರೆದು ತಿಳಿಸಿ. ಕೇಳುತ್ತಿರಿ, ಕೇಳಿಸುತ್ತಿರಿ.